ವೃದ್ಧರ ಮೂತ್ರಕೋಶದ ತೊಂದರೆಗಳು ಮತ್ತು ಔಷಧತಜ್ಞರ ಪಾತ್ರ

ವಯಸ್ಸಾದವರಲ್ಲಿ ಕಂಡುಬರುವ ಮೂತ್ರದ ಅವಸರ, ಮೂತ್ರ ಸೋರಿಕೆ, ರಾತ್ರಿಯಲ್ಲಿ ಮತ್ತೆ ಮತ್ತೆ ಏಳಬೇಕಾಗುವುದು, ಮೂತ್ರ ಕಟ್ಟುವುದು ಮುಂತಾದ ತೊಂದರೆಗಳ ನಿರ್ವಹಣೆಯಲ್ಲಿ ಔಷಧತಜ್ಞರು, ಅಂದರೆ ಫಾರ್ಮಸಿಸ್ಟರು, ಮುಖ್ಯವಾಗಿ ಎರಡು ಬಗೆಯ ನೆರವು ನೀಡುತ್ತಾರೆ. ರೋಗಿಯು ಬೇರೆ ಕಾಯಿಲೆಗಳಿಗಾಗಿ ಸೇವಿಸುತ್ತಿರುವ ಔಷಧಗಳೇ ತೊಂದರೆಗೆ ಕಾರಣವೇ ಎಂದು ಪರಿಶೀಲಿಸುವುದು ಮೊದಲನೆಯದು. ಮೂತ್ರಕೋಶಕ್ಕೆಂದು ಕೊಡುವ ಔಷಧಗಳು ವೃದ್ಧರಿಗೆ ಹಾನಿ ಮಾಡದಂತೆ ನೋಡಿಕೊಳ್ಳುವುದು ಎರಡನೆಯದು. ಸಂಕೋಚದಿಂದ ವೈದ್ಯರ ಬಳಿ ಹೇಳದ ಸಂಗತಿಯನ್ನು ಅನೇಕರು ಔಷಧದಂಗಡಿಯಲ್ಲಿ ಪ್ಯಾಡ್ ಅಥವಾ ವಯಸ್ಕರ ಡೈಪರ್ ಕೊಳ್ಳುವಾಗ ಪರೋಕ್ಷವಾಗಿ ತಿಳಿಸುತ್ತಾರೆ. ಆದ್ದರಿಂದ ತೊಂದರೆಯು ಮೊದಲು ಗಮನಕ್ಕೆ ಬರುವ ಸ್ಥಳ ಹಲವು ಬಾರಿ ಔಷಧದಂಗಡಿಯೇ ಆಗಿರುತ್ತದೆ.

ತೊಂದರೆಗಳ ಸ್ವರೂಪ

ತಡೆಯಲಾಗದ ಅವಸರದೊಂದಿಗೆ ಆಗುವ ಸೋರಿಕೆ, ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ಆಗುವ ಸೋರಿಕೆ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ತುಂಬಿ ಹರಿಯುವುದು ಇವು ಪ್ರಮುಖ ವಿಧಗಳು. ಶೌಚಾಲಯದವರೆಗೆ ಬೇಗನೆ ನಡೆಯಲಾಗದ ಕಾರಣದಿಂದಲೂ ಸೋರಿಕೆಯಾಗಬಹುದು. ಕೀಲುನೋವು ಅಥವಾ ಪಾರ್ಶ್ವವಾಯು ಇರುವವರಲ್ಲಿ ಇದು ಸಾಮಾನ್ಯ. ವಯಸ್ಸಾದಂತೆ ಇವು ಹೆಚ್ಚುತ್ತವೆಯಾದರೂ ಮುಪ್ಪಿನ ಸಹಜ ಲಕ್ಷಣವೆಂದು ಭಾವಿಸಿ ಸುಮ್ಮನಿರುವುದು ಸರಿಯಲ್ಲ. ರಾತ್ರಿ ಅವಸರದಲ್ಲಿ ಎದ್ದು ನಡೆಯುವಾಗ ಬಿದ್ದು ಮೂಳೆ ಮುರಿಯುವ ಅಪಾಯವೂ ಇದರ ಜೊತೆಗಿದೆ.

ಔಷಧಗಳೇ ಕಾರಣವಾಗುವ ಬಗೆ

ಹೃದಯದ ಕಾಯಿಲೆ ಅಥವಾ ರಕ್ತದೊತ್ತಡಕ್ಕೆ ಕೊಡುವ ಫ್ಯೂರೋಸೆಮೈಡ್‌ನಂತಹ ಮೂತ್ರವರ್ಧಕಗಳು ಮೂತ್ರದ ಅವಸರವನ್ನು ಹೆಚ್ಚಿಸುತ್ತವೆ. ಮಾತ್ರೆಯನ್ನು ಸಂಜೆ ನುಂಗಿದರೆ ಅದರ ಪರಿಣಾಮ ರಾತ್ರಿಯ ನಿದ್ರೆಯ ಮೇಲಾಗುತ್ತದೆ. ವೈದ್ಯರ ಒಪ್ಪಿಗೆಯಿಂದ ಸಮಯವನ್ನು ಬದಲಿಸುವುದರಿಂದಲೇ ಕೆಲವರ ತೊಂದರೆ ಕಡಿಮೆಯಾಗುತ್ತದೆ. ಆಮ್ಲೋಡಿಪಿನ್ ಮಾತ್ರೆಯಿಂದ ಕೆಲವರ ಪಾದಗಳು ಊದಿಕೊಳ್ಳುತ್ತವೆ. ಹಗಲಿನಲ್ಲಿ ಕಾಲುಗಳಲ್ಲಿ ಸೇರಿದ ಈ ದ್ರವವು ಮಲಗಿದಾಗ ರಕ್ತಪ್ರವಾಹಕ್ಕೆ ಮರಳಿ ಮೂತ್ರವಾಗುವುದರಿಂದ ರೋಗಿ ರಾತ್ರಿಯಲ್ಲಿ ಹಲವು ಸಲ ಏಳುತ್ತಾನೆ. ಎನಾಲಪ್ರಿಲ್, ರಾಮಿಪ್ರಿಲ್ ಮಾತ್ರೆಗಳಿಂದ ಬರುವ ಒಣಕೆಮ್ಮು ಮಹಿಳೆಯರಲ್ಲಿ ಸೋರಿಕೆಯನ್ನು ಹೆಚ್ಚಿಸಬಹುದು. ಪ್ರಾಜೋಸಿನ್ ಮೂತ್ರನಾಳದ ಸ್ನಾಯುಗಳನ್ನು ಸಡಿಲಗೊಳಿಸಿ ಇದೇ ಪರಿಣಾಮವನ್ನುಂಟುಮಾಡುತ್ತದೆ. ಮಧುಮೇಹಕ್ಕೆ ಈಚೆಗೆ ಹೆಚ್ಚಾಗಿ ಬಳಕೆಯಾಗುತ್ತಿರುವ ಡಪಾಗ್ಲಿಫ್ಲೋಜಿನ್ ವರ್ಗದ ಔಷಧಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಮೂತ್ರದ ಪ್ರಮಾಣವೂ ಹೆಚ್ಚುತ್ತದೆ.

ಮೂತ್ರ ಕಟ್ಟುವುದು ಇದಕ್ಕೆ ವಿರುದ್ಧವಾದ, ಹೆಚ್ಚು ತುರ್ತಿನ ಸಮಸ್ಯೆ. ನೆಗಡಿಯ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ಸೂಡೋಎಫೆಡ್ರಿನ್ ಮತ್ತು ಫಿನೈಲ್‌ಎಫ್ರಿನ್ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಪುರುಷರಲ್ಲಿ ಮೂತ್ರವನ್ನು ಪೂರ್ತಿಯಾಗಿ ತಡೆದುಬಿಡಬಹುದು. ಸಾಧಾರಣ ನೆಗಡಿಗೆ ಅಂಗಡಿಯಲ್ಲಿ ಕೇಳಿ ಪಡೆದ ಒಂದೆರಡು ಮಾತ್ರೆಗಳಿಂದ ಕ್ಯಾತಿಟರ್ ಹಾಕಿಸಿಕೊಳ್ಳುವ ಸ್ಥಿತಿ ಬರಬಹುದಾದ್ದರಿಂದ, ವಯಸ್ಸಾದ ಪುರುಷರು ಇಂತಹ ಮಾತ್ರೆ ಕೇಳಿದಾಗ ಮೂತ್ರದ ಧಾರೆ ಹೇಗಿದೆ ಎಂದು ವಿಚಾರಿಸುವುದು ಔಷಧತಜ್ಞರ ಕರ್ತವ್ಯದ ಭಾಗವಾಗಿದೆ. ಅಮಿಟ್ರಿಪ್ಟಿಲಿನ್ ಮತ್ತು ಅಫೀಮು ಮೂಲದ ನೋವುನಿವಾರಕಗಳೂ ಮೂತ್ರ ಕಟ್ಟಲು ಕಾರಣವಾಗುತ್ತವೆ. ಜೊತೆಗೆ ಮಲಬದ್ಧತೆಯನ್ನುಂಟುಮಾಡಿ ಮೂತ್ರಕೋಶದ ಮೇಲೆ ಒತ್ತಡ ಹೇರುತ್ತವೆ.

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಮತ್ತೊಂದು ಔಷಧ ಕೊಡುವುದನ್ನು ಔಷಧ ಸರಪಳಿ ಎನ್ನಬಹುದು. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಇದಕ್ಕೆ ಸ್ಪಷ್ಟ ಉದಾಹರಣೆ. ಅದು ಮಿದುಳಿನಲ್ಲಿ ಅಸೆಟೈಲ್‌ಕೋಲಿನ್ ಮಟ್ಟವನ್ನು ಏರಿಸುವುದರೊಂದಿಗೆ ಮೂತ್ರಕೋಶವನ್ನೂ ಪ್ರಚೋದಿಸುತ್ತದೆ. ಸೋರಿಕೆ ಕಂಡು ಆಕ್ಸಿಬ್ಯುಟಿನಿನ್ ಕೊಟ್ಟರೆ ಅದು ಅಸೆಟೈಲ್‌ಕೋಲಿನ್ನನ್ನೇ ತಡೆಯುತ್ತದೆ. ಎರಡು ಔಷಧಗಳೂ ಒಂದನ್ನೊಂದು ನಿಷ್ಫಲಗೊಳಿಸುತ್ತವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಡೊನೆಪೆಜಿಲ್ ವರ್ಗದ ಔಷಧ ಪಡೆಯುತ್ತಿದ್ದ ವೃದ್ಧರಿಗೆ ಸೋರಿಕೆಯ ಔಷಧ ಬರೆದುಕೊಡುವ ಸಂಭವ ಹೆಚ್ಚೆಂದು ತೋರಿಸಿತು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವ ಅವಕಾಶವಿರುವ ಔಷಧತಜ್ಞರಿಗೆ ಈ ಸರಪಳಿಯನ್ನು ಗುರುತಿಸುವುದು ಸುಲಭ.

ಮೂತ್ರಕೋಶದ ಔಷಧಗಳು

ಅವಸರ ಮತ್ತು ಸೋರಿಕೆಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಆಂಟಿಕೋಲಿನರ್ಜಿಕ್ ವರ್ಗ: ಆಕ್ಸಿಬ್ಯುಟಿನಿನ್, ಟೋಲ್ಟೆರೋಡಿನ್, ಸೋಲಿಫೆನಾಸಿನ್, ಡಾರಿಫೆನಾಸಿನ್ ಇತ್ಯಾದಿ. ಬಾಯಿ ಒಣಗುವುದು, ಮಲಬದ್ಧತೆ, ದೃಷ್ಟಿ ಮಸುಕಾಗುವುದು ಇವುಗಳ ಪರಿಚಿತ ಅಡ್ಡಪರಿಣಾಮಗಳು. ವೃದ್ಧರಲ್ಲಿ ಹೆಚ್ಚು ಚಿಂತೆಯ ವಿಷಯವೆಂದರೆ ಗೊಂದಲ ಮತ್ತು ಮರೆವು. ಅಮೆರಿಕದ ಸಿಯಾಟಲ್‌ನಲ್ಲಿ 65 ವರ್ಷ ಮತ್ತು ಮೇಲ್ಪಟ್ಟ 3,434 ಜನರನ್ನು ಅನುಸರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಟಿಕೋಲಿನರ್ಜಿಕ್ ಔಷಧಗಳ ದೀರ್ಘಕಾಲದ ಹೆಚ್ಚಿನ ಬಳಕೆಗೂ ಡಿಮೆನ್ಷಿಯಾಕ್ಕೂ ನಂಟು ಕಂಡುಬಂದಿತು. ಇದು ವೀಕ್ಷಣಾ ಅಧ್ಯಯನವಾದ್ದರಿಂದ ಔಷಧವೇ ಕಾರಣವೆಂದು ಸಾಬೀತಾದಂತಲ್ಲ. ಆದರೂ ವೃದ್ಧರಿಗೆ ಸೂಕ್ತವಲ್ಲದ ಔಷಧಗಳನ್ನು ಪಟ್ಟಿಮಾಡುವ ಬಿಯರ್ಸ್ ಮಾನದಂಡಗಳು, ಡಿಮೆನ್ಷಿಯಾ ಇರುವವರಿಗೆ ಪ್ರಬಲ ಆಂಟಿಕೋಲಿನರ್ಜಿಕ್‌ಗಳನ್ನು ತಪ್ಪಿಸಬೇಕೆನ್ನುತ್ತವೆ. 1991ರಲ್ಲಿ ಮೊದಲು ಪ್ರಕಟವಾದ ಈ ಪಟ್ಟಿ 2023ರಲ್ಲಿ ಪರಿಷ್ಕರಣೆಗೊಂಡಿತು.

2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿರಾಬೆಗ್ರಾನ್ ಬೇರೆ ಮಾರ್ಗದಿಂದ ಮೂತ್ರಕೋಶವನ್ನು ಸಡಿಲಗೊಳಿಸುತ್ತದೆ. ಬಾಯಿ ಒಣಗುವುದು ಕಡಿಮೆ. ಆದರೆ ಅದು ರಕ್ತದೊತ್ತಡವನ್ನು ಏರಿಸಬಲ್ಲದು, ಮೆಟೋಪ್ರೊಲಾಲ್‌ನಂತಹ ಔಷಧಗಳ ಮಟ್ಟವನ್ನೂ ಹೆಚ್ಚಿಸಬಲ್ಲದು. ನಿಧಾನವಾಗಿ ಬಿಡುಗಡೆಯಾಗುವ ಇಂತಹ ಮಾತ್ರೆಗಳನ್ನು ಜಗಿಯಬಾರದು, ಪುಡಿಮಾಡಬಾರದು.

ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೋಸಿನ್ ಸೇವಿಸುವವರು ಹಾಸಿಗೆಯಿಂದ ನಿಧಾನವಾಗಿ ಏಳಬೇಕು. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆಸುತ್ತಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಈ ಮಾತ್ರೆಯ ವಿಷಯವನ್ನು ನೇತ್ರವೈದ್ಯರಿಗೆ ತಿಳಿಸುವುದು ಅವಶ್ಯ, ಏಕೆಂದರೆ ಇದು ಪಾಪೆಯ ಸ್ನಾಯುವನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಯನ್ನು ತೊಡಕಾಗಿಸುತ್ತದೆ. ಪೊರೆ ಮತ್ತು ಪ್ರಾಸ್ಟೇಟ್ ಎರಡೂ ಒಂದೇ ವಯಸ್ಸಿನ ತೊಂದರೆಗಳಾದರೂ ಈ ಸಲಹೆ ಹಲವು ಬಾರಿ ಬಿಟ್ಟುಹೋಗುತ್ತದೆ. ಫಿನಾಸ್ಟರೈಡ್ ಫಲ ಕಾಣಲು ಸುಮಾರು 6 ತಿಂಗಳು ಬೇಕು; ಇದನ್ನು ಮೊದಲೇ ಹೇಳದಿದ್ದರೆ ರೋಗಿಗಳು ಮಧ್ಯದಲ್ಲೇ ನಿಲ್ಲಿಸುತ್ತಾರೆ.

ಔಷಧವಿಲ್ಲದ ಕ್ರಮಗಳು ಮತ್ತು ವೈದ್ಯರ ಬಳಿಗೆ ಕಳುಹಿಸುವುದು

ಮೂತ್ರ ವಿಸರ್ಜನೆಯ ನಡುವಿನ ಅವಧಿಯನ್ನು ಕ್ರಮೇಣ ಹೆಚ್ಚಿಸುವ ತರಬೇತಿಯನ್ನು ಕನಿಷ್ಠ 6 ವಾರ, ಶ್ರೋಣಿತಳದ ಸ್ನಾಯುಗಳ ವ್ಯಾಯಾಮವನ್ನು ಕನಿಷ್ಠ 3 ತಿಂಗಳು ಮಾಡಿ ನೋಡಬೇಕೆಂಬುದು ಬ್ರಿಟನ್ನಿನ ಮಾರ್ಗಸೂಚಿಯ ಸಲಹೆ. ಕಾಫಿ, ಚಹಾ ತಗ್ಗಿಸುವುದೂ ಸಹಾಯಕ. ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಇದರಿಂದ ಮೂತ್ರ ಗಾಢವಾಗಿ ಉರಿ ಮತ್ತು ಮಲಬದ್ಧತೆ ಉಂಟಾಗುತ್ತವೆ.

ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿ, ಮೂತ್ರ ಪೂರ್ತಿ ನಿಂತುಹೋಗುವುದು, ಕಾಲುಗಳ ಹಠಾತ್ ನಿಶ್ಶಕ್ತಿಯೊಂದಿಗೆ ಸೋರಿಕೆ ಕಂಡರೆ ಔಷಧತಜ್ಞರು ಸಲಹೆಗೆ ನಿಲ್ಲದೆ ತಕ್ಷಣ ವೈದ್ಯರ ಬಳಿಗೆ ಕಳುಹಿಸಬೇಕು.

ಭಾರತದಲ್ಲಿ

ಔಷಧತಜ್ಞರ ವೃತ್ತಿಯನ್ನು 1948ರ ಫಾರ್ಮಸಿ ಕಾಯ್ದೆ ನಿಯಂತ್ರಿಸುತ್ತದೆ. ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕದಲ್ಲೇ ಕೆಲಸ ಮಾಡುವ ತಜ್ಞರನ್ನು ರೂಪಿಸುವ ಫಾರ್ಮ್.ಡಿ. ಪದವಿ 2008ರಲ್ಲಿ ಆರಂಭವಾಯಿತು. 2015ರ ನಿಯಮಾವಳಿ ರೋಗಿಗಳಿಗೆ ಸಲಹೆ ನೀಡುವುದನ್ನು ವೃತ್ತಿಯ ಭಾಗವಾಗಿಸಿತು. ಆದರೆ ಅಂಗಡಿಗಳಲ್ಲಿ ಖಾಸಗಿಯಾಗಿ ಮಾತನಾಡುವ ಸ್ಥಳ ವಿರಳ. ಬ್ರಿಟನ್ನಿನಲ್ಲಿ 2010ರಿಂದ 45ರಿಂದ 75 ವರ್ಷದ ಪುರುಷರು ಔಷಧತಜ್ಞರ ವಿಚಾರಣೆಯ ನಂತರ ಚೀಟಿಯಿಲ್ಲದೆ ಟಾಮ್ಸುಲೋಸಿನ್ ಪಡೆಯಬಹುದಾಗಿದೆ. ಭಾರತದಲ್ಲಿ ಅದಕ್ಕೆ ವೈದ್ಯರ ಚೀಟಿ ಬೇಕು.