ಪೌಂಡ್ ಚಿಹ್ನೆಯ ಕನ್ನಡ

2003ರ ಸುಮಾರು. ಬೆಂಗಳೂರಿನಲ್ಲಿ ಡಿಟಿಪಿ ಮಾಡಿಕೊಂಡಿದ್ದ ನಾನು ಒಂದು ಮಾಸಪತ್ರಿಕೆಗೆ ವೆಬ್‌ಸೈಟ್ ಕಟ್ಟಿಕೊಟ್ಟೆ. ನನ್ನ ಪರದೆಯ ಮೇಲೆ ಅಕ್ಷರ ಮುತ್ತಿನಂತಿದ್ದವು. ಮಾರನೇ ದಿನ ಅಮೆರಿಕದ ಓದುಗರೊಬ್ಬರ ಇ-ಮೇಲ್: ಇದು ಯಾವ ಭಾಷೆ ಸ್ವಾಮಿ?

ಅವರಿಗೆ ಕಂಡದ್ದು ಇಷ್ಟು: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೀರು ಹೊತ್ತ ಎ, ಪೌಂಡ್ ಚಿಹ್ನೆ, ಮತ್ತದೇ ಎ, ಜರ್ಮನ್ನರ ಬಿ-ಯಂಥ ಒಂದಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ನಾನು ಬರೆದದ್ದು 'ಕನ್ನಡ'.

ಆಗಿನ ಫಾಂಟಿನಲ್ಲಿ ಇದ್ದದ್ದೇ 256 ಮನೆ, ಅವೂ ಎಲ್ಲ ಖಾಲಿ ಇರಲಿಲ್ಲ. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಇಡಿಯಾಗಿ ಕೂರಿಸಲು ಜಾಗವೆಲ್ಲಿ? ಹಾಗಾಗಿ ಅಕ್ಷರವನ್ನೇ ತುಂಡು ಮಾಡಿದ್ದರು. ಕ-ದ ಒಡಲು ಪಿ-ಯ ಮನೆಯಲ್ಲಿ, ತಲೆಕಟ್ಟು ಆ ಎ-ಯ ಮನೆಯಲ್ಲಿ, ನ-ಒತ್ತು ಜರ್ಮನ್ ಅಕ್ಷರದ ಮನೆಯಲ್ಲಿ ಬಾಡಿಗೆಗೆ. ಓದುವವರಲ್ಲೂ ಅದೇ ಫಾಂಟ್ ಇದ್ದರೆ ತುಂಡುಗಳು ಕೂಡಿಕೊಳ್ಳುತ್ತಿದ್ದವು, ಇಲ್ಲದಿದ್ದರೆ ಸಂತೆ.

ನಾನು ಪುಟದ ಮೇಲ್ತುದಿಯಲ್ಲಿ 'ಫಾಂಟ್ ಇಳಿಸಿಕೊಳ್ಳಿ' ಎಂದು ಸೇರಿಸಿದೆ. ಅದನ್ನೂ ಅದೇ ಫಾಂಟಿನಲ್ಲಿ ಬರೆದಿದ್ದೆ! ಒಂದು ವಾರ ಯಾರೂ ಇಳಿಸಿಕೊಳ್ಳಲಿಲ್ಲವೆಂದು ಓದುಗರನ್ನೇ ಬೈದುಕೊಂಡೆ.

ಪುಟದ ಜೊತೆಗೇ ತಾನಾಗಿ ಇಳಿಯುವ ಡೈನಮಿಕ್ ಫಾಂಟ್ ಎಂಬುದೂ ಇತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಬಗೆ, ನೆಟ್‌ಸ್ಕೇಪ್‌ಗೆ ಬೇರೆ ಬಗೆ. ಕೆಲವರು ಬರಹವನ್ನೇ ಚಿತ್ರ ಮಾಡಿ ಅಂಟಿಸುತ್ತಿದ್ದರು. ಡಯಲ್-ಅಪ್‌ನಲ್ಲಿ ಅದು ತಲೆಯಿಂದ ಕಾಲಿನವರೆಗೆ ಇಳಿಯುವಷ್ಟರಲ್ಲಿ ಕಾಫಿ ಆರುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದ ಮೇಲೆ ಕನ್ನಡ ಟೈಪ್ ಮಾಡುವುದೇನೋ ಮಕ್ಕಳಾಟವಾಗಿತ್ತು. ಓದಿಸುವುದೇ ಪಾಡು.

1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತು. ಅಲ್ಲಿ 'ಕನ್ನಡ' ಎಂದರೆ ಐದೇ ಸಂಕೇತ: ಕ, ನ, ಅ-ಕಾರ ಅಳಿಸುವ ವಿರಾಮ, ನ, ಡ. ತಲೆಕಟ್ಟು, ಒತ್ತು ಕೂಡಿಸುವುದು ಯಂತ್ರದ ಕೆಲಸ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟೂ ಬಂತು. ಆದರೆ ಕಂಟ್ರೋಲ್ ಪ್ಯಾನೆಲ್ ಹೊಕ್ಕು ಒಂದು ಚೌಕಕ್ಕೆ ಟಿಕ್ ಹಾಕಬೇಕು, ಅದು ಕೇಳಿದ ಸಿಡಿ ತುರುಕಬೇಕು. ಮೈಸೂರಿನ ಅತ್ತಿಗೆಗೆ ಫೋನಿನಲ್ಲಿ ಇದನ್ನು ಹೇಳಿಕೊಡಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಸಿಡಿಯೇ ಸಿಗಲಿಲ್ಲ.

ಮೊನ್ನೆ ಬೀರುವಿನಲ್ಲಿ ಆ ಪತ್ರಿಕೆಯ ಹಳೆಯ ಕಡತಗಳು ಸಿಕ್ಕವು. ಕಂಪ್ಯೂಟರಿನಲ್ಲಿ ತೆರೆದರೆ ಮತ್ತದೇ ಸಂತೆ. ಎಸೆಯಿರಿ ಎಂದಳು ಹೆಂಡತಿ. ನಾನು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ನಡೆದೆ: ಪಿ, ಎ, ಪೌಂಡ್... ಫಾಂಟಿಲ್ಲದೆಯೇ ಮೂರು ಸಾಲು ಓದಿ ಹೇಳಿದೆ.