ತೊಟ್ಟಿಲಿಗೂ ಕಿರೀಟಕ್ಕೂ ಏಕೆ ಜಗಳ?

1952ರ ಜೂನ್ 28. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಂಗ್ ಬೀಚ್ ಎಂಬ ಕಡಲ ತೀರದ ಊರಿನಲ್ಲಿ ಮೊಟ್ಟಮೊದಲ 'ಮಿಸ್ ಯೂನಿವರ್ಸ್' ಸ್ಪರ್ಧೆಯ ಅಂತಿಮ ದಿನ. ನಮ್ಮ ಪತ್ರಿಕೆಗಳು ಮುಂದೆ 'ಭುವನ ಸುಂದರಿ' ಎಂದು ಕರೆದದ್ದು ಇದನ್ನೇ. ಕಣದಲ್ಲಿ 30 ಮಂದಿ ಯುವತಿಯರಿದ್ದರು. ಗೆದ್ದವಳು ಫಿನ್ಲೆಂಡಿನ 17 ವರ್ಷದ ಹುಡುಗಿ ಆರ್ಮಿ ಕೂಸೆಲಾ. ಅವಳ ತಲೆಗೆ ತೊಡಿಸಿದ ಕಿರೀಟ ಸಾಮಾನ್ಯವಾದುದಲ್ಲ. ಅದು ಒಂದು ಕಾಲಕ್ಕೆ ರಷ್ಯದ ರೊಮನೋವ್ ರಾಜಮನೆತನಕ್ಕೆ ಸೇರಿದ್ದ ವಜ್ರದ ಕಿರೀಟ. ರಾಜಮನೆತನದ ವಧುಗಳು ಮದುವೆಯ ದಿನ ಧರಿಸುತ್ತಿದ್ದ ಕಿರೀಟ!

ಮದುವೆಯಾಗದ ಹುಡುಗಿಯ ತಲೆಗೆ ಮದುವೆಯ ಕಿರೀಟ. ಅದು ಶಕುನದಂತೆಯೇ ಆಯಿತು. ವರ್ಷ ತುಂಬುವ ಮೊದಲೇ ಆರ್ಮಿ ಫಿಲಿಪ್ಪೀನ್ಸ್ ಪ್ರವಾಸಕ್ಕೆ ಹೋದಳು. ಅಲ್ಲಿ ವರ್ಜಿಲಿಯೊ ಹಿಲಾರಿಯೊ ಎಂಬ ಉದ್ಯಮಿಯ ಪರಿಚಯವಾಯಿತು. 1953ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ಇಬ್ಬರೂ ಮದುವೆಯಾದರು. ಅವಧಿ ಮುಗಿಯಲು ಕೆಲವೇ ವಾರಗಳಿದ್ದಾಗ ಆರ್ಮಿ ಕಿರೀಟ ಬಿಟ್ಟುಕೊಟ್ಟಳು. ಮುಂದೆ ಈ ದಂಪತಿಗೆ ಐವರು ಮಕ್ಕಳಾದರು. 18 ವರ್ಷದ ಆ ನವವಧುವಿನ ಮುಂದೆ ಇದ್ದದ್ದು ಎರಡೇ ದಾರಿ: ಕಿರೀಟ ಅಥವಾ ಸಂಸಾರ.

ಆದರೆ ಅದೇ ಲಾಂಗ್ ಬೀಚಿನ ವೇದಿಕೆಯ ಮೇಲೆ, ಅದೇ 30 ಮಂದಿಯ ಸಾಲಿನಲ್ಲಿ, ಈ ಎರಡು ದಾರಿಗಳನ್ನು ಒಂದೇ ಆಗಿಸಿಕೊಂಡ ಮತ್ತೊಬ್ಬ ಯುವತಿಯೂ ನಿಂತಿದ್ದಳು. ಆಕೆ ಭಾರತದಿಂದ ಹೋದವಳು. ಹೆಸರು ಇಂದ್ರಾಣಿ ರೆಹಮಾನ್.

ತಾಯಂದಿರೇ ಮೊದಲಿಗರು

ಇಂದ್ರಾಣಿ ಹುಟ್ಟಿದ್ದು 1930ರಲ್ಲಿ, ಮದರಾಸಿನಲ್ಲಿ. ತಾಯಿ ರಾಗಿಣಿ ದೇವಿ ಮೂಲತಃ ಅಮೆರಿಕದವರು, ಭಾರತೀಯ ನೃತ್ಯಕ್ಕೆ ಮನಸೋತು ಹೆಸರನ್ನೂ ಬದಲಾಯಿಸಿಕೊಂಡವರು. ತಂದೆ ರಾಮಲಾಲ್ ಬಾಜಪೇಯಿ ಭಾರತೀಯರು. ಇಂದ್ರಾಣಿ 15ನೇ ವಯಸ್ಸಿನಲ್ಲಿ ವಾಸ್ತುಶಿಲ್ಪಿ ಹಬೀಬ್ ರೆಹಮಾನ್ ಅವರನ್ನು ಪ್ರೀತಿಸಿ ಮದುವೆಯಾದರು. 1946ರಲ್ಲಿ ಮಗಳು ಸುಕನ್ಯಾ ಹುಟ್ಟಿದಳು. 1952ರಲ್ಲಿ 'ಮಿಸ್ ಇಂಡಿಯಾ' ಆಗಿ ಭುವನ ಸುಂದರಿ ಸ್ಪರ್ಧೆಗೆ ಹೊರಟಾಗ ಇಂದ್ರಾಣಿಗೆ 21 ವರ್ಷ. ಮನೆಯಲ್ಲಿ ಗಂಡ ಇದ್ದ, ಮಗಳಿದ್ದಳು. ಆ ಕಣಕ್ಕೆ ಭಾರತದ ಮೊದಲ ಪ್ರತಿನಿಧಿ ಒಬ್ಬ ತಾಯಿ ಎಂಬುದು ಇಂದು ಹಲವರಿಗೆ ಅಚ್ಚರಿಯಾಗಬಹುದು.

ಇದಕ್ಕಿಂತ ಅಚ್ಚರಿಯ ಕತೆ ಐದು ವರ್ಷ ಹಿಂದಿನದು. ಸ್ವಾತಂತ್ರ್ಯ ಬಂದ 1947ರಲ್ಲಿ 'ಮಿಸ್ ಇಂಡಿಯಾ' ಆದವರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಕಲ್ಕತ್ತೆಯ ಬಾಗ್ದಾದಿ ಯಹೂದಿ ಮನೆತನದ ಈಕೆ 'ಪ್ರಮೀಳಾ' ಎಂಬ ಹೆಸರಿನಿಂದ ಹಿಂದಿ ಚಿತ್ರಗಳಲ್ಲಿ ನಟಿಸುತ್ತಿದ್ದರು. ಚಿತ್ರ ನಿರ್ಮಾಪಕಿಯೂ ಹೌದು. ಆಗ ಆಕೆಯ ವಯಸ್ಸು ಮೂವತ್ತು ದಾಟಿತ್ತು. ಮದುವೆಯಾಗಿತ್ತು. ಅಷ್ಟೇ ಅಲ್ಲ, ಆ ವೇಳೆ ಆಕೆ ಐದನೆಯ ಮಗುವಿನ ಬಸುರಿಯಾಗಿದ್ದರೆಂದು ಆಕೆಯ ಬದುಕನ್ನು ಕುರಿತ ಬರಹಗಳು ಹೇಳುತ್ತವೆ. ಇಪ್ಪತ್ತು ವರ್ಷಗಳ ನಂತರ, 1967ರಲ್ಲಿ, ಆಕೆಯ ಮಗಳು ನಖೀ ಜಹಾನ್ ಕೂಡ 'ಮಿಸ್ ಇಂಡಿಯಾ' ಗೆದ್ದರು.

ಹಾಗಾದರೆ 'ಮಿಸ್' ಎಂದರೆ ಮದುವೆಯಾಗದವಳೇ ಆಗಬೇಕು, ಮಗು ಹೆತ್ತಿರಬಾರದು ಎಂಬ ಕಟ್ಟಳೆ ಎಲ್ಲಿಂದ ಬಂತು?

ಕಟ್ಟಳೆ ಹುಟ್ಟಿದ ಬಗೆ

ಇದರ ಬೇರು ಅಮೆರಿಕದಲ್ಲಿದೆ. 1921ರಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಪ್ರವಾಸಿ ಊರಿನ ವ್ಯಾಪಾರಿಗಳು ಬೇಸಿಗೆ ಮುಗಿದ ಮೇಲೂ ಜನ ಊರು ಬಿಡದಂತೆ ಮಾಡಲು ಒಂದು ಉತ್ಸವ ಏರ್ಪಡಿಸಿದರು. ಅದರ ಅಂಗವಾಗಿ ಹುಟ್ಟಿದ್ದೇ 'ಮಿಸ್ ಅಮೆರಿಕ'. ಮೊದಲ ವಿಜೇತೆ ಮಾರ್ಗರೆಟ್ ಗೋರ್ಮನ್‌ಗೆ ಆಗ 16 ವರ್ಷ. ಆರಂಭದಿಂದಲೂ ಇದು ವ್ಯಾಪಾರದ ಲೆಕ್ಕಾಚಾರ. ಗೆದ್ದವಳು ವರ್ಷವಿಡೀ ಊರೂರು ಸುತ್ತಬೇಕು, ಪ್ರಾಯೋಜಕರ ಸರಕಿನ ಪಕ್ಕ ನಿಂತು ನಗಬೇಕು. ಗಂಡ, ಮಗು ಇದ್ದರೆ ಆಕೆಯ ಸಮಯದ ಮೇಲೆ ಬೇರೆಯವರಿಗೂ ಹಕ್ಕು ಬರುತ್ತದೆ ಎಂಬುದು ಸಂಘಟಕರ ಚಿಂತೆ.

1949ರ ಮಿಸ್ ಅಮೆರಿಕ ಜಾಕ್ ಮರ್ಸರ್ ಪ್ರಕರಣ ಈ ಚಿಂತೆಯನ್ನು ಗಟ್ಟಿ ಮಾಡಿತು. ಆಕೆ ತನ್ನ ಅವಧಿಯಲ್ಲೇ ಮದುವೆಯಾಗಿ ವಿಚ್ಛೇದನವನ್ನೂ ಪಡೆದಳು. ಆ ಬಳಿಕ ಸ್ಪರ್ಧಿಗಳು 'ನನಗೆ ಮದುವೆಯಾಗಿಲ್ಲ, ನಾನು ಎಂದೂ ಗರ್ಭಿಣಿಯಾಗಿಲ್ಲ' ಎಂದು ಬರೆದುಕೊಡಬೇಕೆಂಬ ನಿಯಮ ಬಂತು.

ಭುವನ ಸುಂದರಿ ಕಣದಲ್ಲಿ ಈ ಬಿಗಿ ಎಷ್ಟಿತ್ತು ಎಂಬುದು 1957ರಲ್ಲಿ ಬಯಲಾಯಿತು. ಆ ವರ್ಷದ 'ಮಿಸ್ ಯುಎಸ್ಎ' ಲಿಯೋನಾ ಗೇಜ್ 18 ವರ್ಷದವಳು. ಗೆದ್ದ ಮರುದಿನವೇ ಆಕೆ ವಿವಾಹಿತೆ, ಎರಡು ಮಕ್ಕಳ ತಾಯಿ ಎಂಬ ಸುದ್ದಿ ಹೊರಬಿತ್ತು. ಕಿರೀಟ ಹೋಯಿತು. ಐದೇ ವರ್ಷ ಮೊದಲು ಇಂದ್ರಾಣಿ ರೆಹಮಾನ್ ಘನತೆಯಿಂದ ನಿಂತಿದ್ದ ಸಾಲಿನಲ್ಲಿ ಲಿಯೋನಾ ಅಪರಾಧಿಯಂತೆ ಹೊರನಡೆಯಬೇಕಾಯಿತು.

ನಿಯಮ ಇಲ್ಲದ ಕಡೆಯಲ್ಲೂ ಸಮಾಜದ ಕಣ್ಣು ಬಿಡಲಿಲ್ಲ. 1974ರಲ್ಲಿ ಲಂಡನ್ನಿನಲ್ಲಿ 'ಮಿಸ್ ವರ್ಲ್ಡ್', ಅಂದರೆ ವಿಶ್ವ ಸುಂದರಿ, ಪಟ್ಟ ಗೆದ್ದವರು ವೇಲ್ಸ್ ಮೂಲದ ಹೆಲೆನ್ ಮಾರ್ಗನ್. ಆಕೆ ಅವಿವಾಹಿತೆ, ಆದರೆ ಒಬ್ಬ ಪುಟ್ಟ ಮಗನ ತಾಯಿ. ಅಂದಿನ ನಿಯಮ ತಡೆದದ್ದು ಮದುವೆಯನ್ನು ಮಾತ್ರ, ತಾಯ್ತನವನ್ನಲ್ಲ. ಆದರೂ ಪತ್ರಿಕೆಗಳ ಗದ್ದಲ ತಾಳಲಾರದೆ ನಾಲ್ಕೇ ದಿನದಲ್ಲಿ ಹೆಲೆನ್ ಪಟ್ಟ ಬಿಟ್ಟುಕೊಟ್ಟರು. ಪಟ್ಟ ಎರಡನೇ ಸ್ಥಾನದಲ್ಲಿದ್ದ ದಕ್ಷಿಣ ಆಫ್ರಿಕದ ಆನೆಲಿನ್ ಕ್ರೀಲ್ ಪಾಲಾಯಿತು.

ಕಚೇರಿಯಲ್ಲೂ ಇದೇ ಷರತ್ತು

ಇದೆಲ್ಲ ಬೆಡಗಿನ ಲೋಕದ ವ್ಯವಹಾರ, ನಮಗೇನು ಎಂದು ತಳ್ಳಿಹಾಕುವಂತಿಲ್ಲ. ಇದೇ ಷರತ್ತು ಸರ್ಕಾರಿ ಕಚೇರಿಗಳಲ್ಲೂ ಇತ್ತು. ಅದನ್ನು ಪ್ರಶ್ನಿಸಿದವರಲ್ಲಿ ನಮ್ಮ ಕೊಡಗಿನ ಹೆಣ್ಣುಮಗಳೊಬ್ಬರು ಪ್ರಮುಖರು.

ವಿರಾಜಪೇಟೆಯಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಸೇರುವಾಗಲೇ 'ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ' ಎಂದು ಅವರಿಂದ ಬರೆಸಿಕೊಳ್ಳಲಾಗಿತ್ತು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಅನ್ನಿಸಿದರೆ ಆಕೆ ಹುದ್ದೆ ಬಿಡಬೇಕು ಎಂಬುದು ಸೇವಾ ನಿಯಮ. ಗಂಡಸರಿಗೆ ಇಂಥ ಷರತ್ತು ಇರಲಿಲ್ಲ. ಬಡ್ತಿ ನಿರಾಕರಣೆಯಾದಾಗ ಮುತ್ತಮ್ಮ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮುತ್ತಮ್ಮ ಮಾತ್ರ ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಎರಡು ವರ್ಷಗಳ ನಂತರ, 1981ರಲ್ಲಿ, ಅದೇ ಕೋರ್ಟಿನ ಮುಂದೆ ಏರ್ ಇಂಡಿಯಾ ಗಗನಸಖಿಯರ ಪ್ರಕರಣ ಬಂತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಬಸುರಿಯಾದರೆ ನೌಕರಿ ಹೋಗುತ್ತಿತ್ತು. ಬಸುರಿನ ಷರತ್ತನ್ನು ಕೋರ್ಟ್ ರದ್ದು ಮಾಡಿತು. ನಾಲ್ಕು ವರ್ಷದ ಮದುವೆಯ ಷರತ್ತನ್ನು ಎತ್ತಿಹಿಡಿಯಿತು. ವಿಮಾನದ ಒಳಗಿರಲಿ, ಸ್ಪರ್ಧೆಯ ವೇದಿಕೆಯಿರಲಿ, ತರ್ಕ ಒಂದೇ: ಹೆಣ್ಣು ಎಲ್ಲರ ಕಣ್ಣಿಗೆ ಕಾಣುವ ಕೆಲಸದಲ್ಲಿರುವಷ್ಟು ದಿನ ಆಕೆಗೆ ಮನೆ ಇರಕೂಡದು.

ಹೊಗಳಿಕೆ ಒಂದು, ನಿಯಮ ಇನ್ನೊಂದು

ಈ ತರ್ಕದ ವಿಚಿತ್ರ ಎದ್ದು ಕಂಡದ್ದು 1994ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಮನಿಲಾದಲ್ಲಿ ನಡೆದ ಭುವನ ಸುಂದರಿ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಸುಷ್ಮಿತಾ ಸೇನ್ ಅವರಿಗೆ ಹೆಣ್ತನದ ಸಾರವೇನು ಎಂಬ ಪ್ರಶ್ನೆ ಬಂತು. 18 ವರ್ಷದ ಸುಷ್ಮಿತಾ ಉತ್ತರದಲ್ಲಿ ತಾಯ್ತನವನ್ನೇ ಎತ್ತಿ ಹೇಳಿದರು: ಮಗುವಿನ ಮೂಲ ತಾಯಿ, ಆ ತಾಯಿ ಹೆಣ್ಣು. ಸಭೆ ಮೆಚ್ಚಿತು, ಕಿರೀಟವೂ ಬಂತು. ಆದರೆ ಅದೇ ವೇದಿಕೆಯ ನಿಯಮದ ಪ್ರಕಾರ ತಾಯಿಯಾದವಳಿಗೆ ಅಲ್ಲಿ ಜಾಗವಿರಲಿಲ್ಲ. ತಾಯ್ತನವನ್ನು ಬಾಯಲ್ಲಿ ಹೊಗಳಬಹುದು, ಬದುಕಿನಲ್ಲಿ ಹೊತ್ತು ತರುವಂತಿಲ್ಲ.

ಸುಷ್ಮಿತಾ ಆ ಉತ್ತರವನ್ನು ತಮ್ಮದೇ ರೀತಿಯಲ್ಲಿ ಬದುಕಿ ತೋರಿಸಿದರು. 2000ದಲ್ಲಿ, ಮದುವೆಯಾಗದೆಯೇ, ಒಂದು ಹೆಣ್ಣುಮಗುವನ್ನು ದತ್ತು ಪಡೆದರು. 2010ರಲ್ಲಿ ಇನ್ನೊಂದು ಮಗು ಮನೆಗೆ ಬಂತು.

1996ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆದಾಗ ಎದ್ದ ಪ್ರತಿಭಟನೆಯ ಅಲೆ ಹಿರಿಯ ಓದುಗರಿಗೆ ನೆನಪಿರಬಹುದು. ಈಜುಡುಗೆಯ ಸುತ್ತನ್ನು ಸಂಘಟಕರು ಸೀಷೆಲ್ಸ್ ದ್ವೀಪಕ್ಕೆ ಸಾಗಿಸಿದರು. ಅಂದಿನ ವಾದ-ವಿವಾದದಲ್ಲಿ ಮುಂದೆ ನಿಂತದ್ದು ಮೈಮುಚ್ಚುವ ಬಟ್ಟೆ, ಸಂಸ್ಕೃತಿ ಹಾಗೂ ಬಹುರಾಷ್ಟ್ರೀಯ ಕಂಪೆನಿಗಳ ಮಾರುಕಟ್ಟೆ. ಆ ಪ್ರಶ್ನೆಗಳು ಸಣ್ಣವಲ್ಲ. ಆದರೆ ಬಟ್ಟೆಯ ಅಳತೆಯಷ್ಟೇ ಚರ್ಚೆಗೆ ಅರ್ಹವಾಗಿದ್ದದ್ದು, ಕಣಕ್ಕಿಳಿಯುವವಳ ಮದುವೆ, ಮಗುವಿನ ಲೆಕ್ಕ ಕೇಳುವ ಆ ಒಪ್ಪಂದದ ಕಾಗದ.

ಶ್ರೀಮತಿಯರ ಕಣ

ವಿವಾಹಿತೆಯರಿಗೆ ಪ್ರತ್ಯೇಕ ಸ್ಪರ್ಧೆಗಳು ಇಲ್ಲವೇ ಎಂದು ಕೇಳಬಹುದು. ಇವೆ. ಅಮೆರಿಕದಲ್ಲಿ 1938ರಲ್ಲೇ 'ಮಿಸೆಸ್ ಅಮೆರಿಕ' ಶುರುವಾಯಿತು. 1950ರ ದಶಕದಲ್ಲಿ ಅಲ್ಲಿ ಅಡುಗೆ, ಹೊಲಿಗೆ, ಇಸ್ತ್ರಿಯಂಥ ಮನೆವಾರ್ತೆಯ ಕೆಲಸಗಳಿಗೂ ಅಂಕ. 1984ರಲ್ಲಿ ಆರಂಭವಾದ ವಿಶ್ವಮಟ್ಟದ 'ಮಿಸೆಸ್' ಸ್ಪರ್ಧೆಯನ್ನು ಮೊದಲು ಗೆದ್ದವರು ಶ್ರೀಲಂಕಾದ ರೋಸಿ ಸೇನಾನಾಯಕೆ. ಮುಂದೆ ಅವರು ರಾಜಕೀಯಕ್ಕೆ ಬಂದು 2018ರಲ್ಲಿ ಕೊಲಂಬೊ ನಗರದ ಮೇಯರ್ ಆದರು. 2001ರಲ್ಲಿ ಈ ಪಟ್ಟ ಭಾರತಕ್ಕೆ ತಂದವರು ವೈದ್ಯೆ ಅದಿತಿ ಗೋವಿತ್ರಿಕರ್. ಆಗಲೇ ಅವರು ಒಂದು ಮಗುವಿನ ತಾಯಿ.

ಆದರೆ ಈ ಕಣಕ್ಕೂ ಅದರದೇ ಹೊಸ್ತಿಲಿದೆ. 2021ರ ಏಪ್ರಿಲ್‌ನಲ್ಲಿ ಕೊಲಂಬೊದಲ್ಲಿ 'ಮಿಸೆಸ್ ಶ್ರೀಲಂಕಾ' ಆಗಿ ಪುಷ್ಪಿಕಾ ಡಿ ಸಿಲ್ವಾ ಗೆದ್ದರು. ಅಂದಿನ 'ಮಿಸೆಸ್ ವರ್ಲ್ಡ್' ಕ್ಯಾರೊಲಿನ್ ಜೂರಿ ವೇದಿಕೆಯ ಮೇಲೆಯೇ, ಈಕೆ ವಿಚ್ಛೇದಿತೆ ಎಂದು ಘೋಷಿಸಿ ಕಿರೀಟ ಕಿತ್ತುಕೊಂಡರು. ಪುಷ್ಪಿಕಾ ಪತಿಯಿಂದ ದೂರವಿದ್ದರೇ ಹೊರತು ವಿಚ್ಛೇದನ ಆಗಿರಲಿಲ್ಲ. ಹಾಗಾಗಿ ಕಿರೀಟವನ್ನು ಹಿಂದಿರುಗಿಸಲಾಯಿತು. 'ಮಿಸ್' ಕಣದಲ್ಲಿ ಗಂಡ ಇರಕೂಡದು, 'ಮಿಸೆಸ್' ಕಣದಲ್ಲಿ ಗಂಡ ಇರಲೇಬೇಕು. ಎರಡೂ ಕಡೆ ಹೆಣ್ಣನ್ನು ಅಳೆಯುವ ಕೋಲು ಆಕೆಯ ಮದುವೆಯೇ.

ಕರಗಿದ ಗೋಡೆ

ಗೋಡೆಗೆ ಈಚಿನ ದೊಡ್ಡ ಪೆಟ್ಟು ಕೊಟ್ಟವರಲ್ಲಿ ಉಕ್ರೇನಿನ ವೆರೊನಿಕಾ ದಿದುಸೆಂಕೊ ಒಬ್ಬರು. 2018ರಲ್ಲಿ 'ಮಿಸ್ ಉಕ್ರೇನ್' ಗೆದ್ದ ಕೆಲವೇ ದಿನಗಳಲ್ಲಿ, ಹಿಂದೆ ಮದುವೆಯಾಗಿದ್ದರು, ಒಬ್ಬ ಮಗನಿದ್ದಾನೆ ಎಂಬ ಕಾರಣಕ್ಕೆ ಅವರ ಪಟ್ಟ ಹೋಯಿತು. 2019ರಲ್ಲಿ ಅವರು ಬ್ರಿಟನ್ನಿನ ಸಮಾನತೆ ಕಾಯ್ದೆಯ ಆಧಾರದಲ್ಲಿ ವಿಶ್ವ ಸುಂದರಿ ಸಂಸ್ಥೆಯ ವಿರುದ್ಧ ಕಾನೂನು ಹೋರಾಟಕ್ಕೆ ಇಳಿದರು.

ಭುವನ ಸುಂದರಿ ಸಂಸ್ಥೆ 2022ರಲ್ಲಿ ತನ್ನ ನಿಯಮ ಬದಲಿಸುವುದಾಗಿ ಪ್ರಕಟಿಸಿತು. 2023ರ ನವೆಂಬರ್‌ನಲ್ಲಿ ಎಲ್ ಸಾಲ್ವಡಾರ್ ದೇಶದಲ್ಲಿ ನಡೆದ ಸ್ಪರ್ಧೆಯಲ್ಲಿ ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ತೆರೆಯಿತು. ಕೊಲಂಬಿಯಾದ ಕಮಿಲಾ ಅವೆಲ್ಲಾ, ಒಂದು ಮಗುವಿನ ತಾಯಿ, ಕೊನೆಯ ಐವರ ಸುತ್ತು ತಲುಪಿದರು. 2024ರಿಂದ ವಯಸ್ಸಿನ ಮೇಲ್ಮಿತಿಯನ್ನೂ ಕೈಬಿಡಲಾಯಿತು. 1952ರಲ್ಲಿ ಇಂದ್ರಾಣಿ ನಡೆದ ವೇದಿಕೆಗೆ ಮತ್ತೊಬ್ಬ ತಾಯಿ ರಾಜಾರೋಷವಾಗಿ ಬರಲು 71 ವರ್ಷ ಬೇಕಾಯಿತು.

ಸ್ಪರ್ಧೆಗಳೇ ಬೇಡ ಎನ್ನುವವರ ವಾದ ಬೇರೆ, ಅದು ಬೇರೆಯೇ ಚರ್ಚೆಯ ವಿಷಯ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ತಾಯ್ತನ ಹೆಣ್ಣಿನ ಉಳಿದ ಬದುಕನ್ನು ಮುಗಿಸಿಬಿಡುತ್ತದೆ ಎಂಬುದು ಅನಾದಿ ಕಾಲದ ಸತ್ಯವಲ್ಲ. ಯಾರೋ ಒಂದು ದಿನ ತಮ್ಮ ಅನುಕೂಲಕ್ಕೆ ಬರೆದ ನಿಯಮ ಅದು. ಇಂದ್ರಾಣಿಯ ಬದುಕೇ ಇದಕ್ಕೆ ಸಾಕ್ಷಿ. ಸ್ಪರ್ಧೆಯಲ್ಲಿ ಆಕೆ ಗೆಲ್ಲಲಿಲ್ಲ. ಮನೆಗೆ ಮರಳಿ ನೃತ್ಯ ಮುಂದುವರಿಸಿದರು. 1955ರಲ್ಲಿ ಮಗ ರಾಮ್ ಹುಟ್ಟಿದ. ಅದಾದ ಮೇಲೆ, 1957ರಲ್ಲಿ, ದೇಬಪ್ರಸಾದ್ ದಾಸ್ ಅವರಲ್ಲಿ ಒಡಿಸ್ಸಿ ಕಲಿತು, ಒರಿಸ್ಸಾದ ಹೊರಗೆ ಅಷ್ಟಾಗಿ ಗೊತ್ತಿಲ್ಲದಿದ್ದ ಆ ನೃತ್ಯವನ್ನು ದೇಶ ವಿದೇಶಗಳ ವೇದಿಕೆಗೆ ಒಯ್ದರು. 1969ರಲ್ಲಿ ಪದ್ಮಶ್ರೀ ಬಂತು. ಮಗಳು ಸುಕನ್ಯಾ ಕೂಡ ನರ್ತಕಿಯಾದಳು. ಇಂದ್ರಾಣಿಗೆ ಹೆಸರು ತಂದ ಕೆಲಸದ ಬಹುಪಾಲು ನಡೆದದ್ದು ತಾಯಿಯಾದ ಮೇಲೆಯೇ.

ನಮ್ಮಲ್ಲಿ ಹೊಸದಾಗಿ ಮದುವೆಯಾದ ಹುಡುಗಿಗೆ ಆರು ತಿಂಗಳು ಕಳೆಯುವಷ್ಟರಲ್ಲಿ ನೆಂಟರು ಕೇಳುವ ಪ್ರಶ್ನೆ ಒಂದೇ: 'ಏನಾದರೂ ವಿಶೇಷ ಉಂಟೋ?' ಕೆಲಸದ ಸಂದರ್ಶನದಲ್ಲಿ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ: 'ಸದ್ಯಕ್ಕೆ ಮಗುವಿನ ಯೋಚನೆ ಇದೆಯೇ?' ಒಂದು ಕಡೆ ಬೇಗ ತಾಯಿಯಾಗು ಎಂಬ ಒತ್ತಾಯ, ಇನ್ನೊಂದು ಕಡೆ ತಾಯಿಯಾದರೆ ಜಾಗ ಖಾಲಿ ಮಾಡು ಎಂಬ ಸೂಚನೆ. ಸುಂದರಿಯರ ಕಣದಲ್ಲಿ ಒಂದು ನಿಯಮ ಬಿದ್ದುಹೋಗಲು 71 ವರ್ಷ ಹಿಡಿಯಿತು. ಕಾಗದದ ಮೇಲೆ ಬರೆಯದ ಈ ಎರಡನೆಯ ನಿಯಮವನ್ನು ಯಾವ ಸಂಸ್ಥೆಯೂ ರದ್ದು ಮಾಡಲಾರದು. ಅದನ್ನು ಕೈಬಿಡಬೇಕಾದವರು ಮನೆಯಲ್ಲಿ, ಕಚೇರಿಯಲ್ಲಿ ಪ್ರಶ್ನೆ ಕೇಳುವ ನಾವೇ.