ಒಂದು ಗುಟುಕಿನ ಸಂಬಂಧ

ಕಲಬುರಗಿಯಿಂದ ಶಹಾಬಾದ್ ಕಡೆ ಹೊರಟರೆ ಮರತೂರು ಸಿಗುತ್ತೆ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಇದೇ ಊರಿನವನು ಅಂತಾರೆ ನಮ್ಮ ಕಡೆಯವರು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದವನು. ಆಸ್ತಿ ಹಂಚುವ ಪುಸ್ತಕಕ್ಕೂ ತಾಯಿ-ಕೂಸಿನ ನಂಟಿಗೂ ಏನು ಸಂಬಂಧ ಅಂತ ಕೇಳಬಹುದು. ಇದೆ.

ಹೆಂಡತಿ-ಮಕ್ಕಳಿಲ್ಲದೆ ಮಗ ತೀರಿಕೊಂಡರೆ ಆಸ್ತಿ ಅಪ್ಪನಿಗೋ ಅಮ್ಮನಿಗೋ? ಮೊದಲು ಅಮ್ಮನಿಗೆ ಅಂದ ವಿಜ್ಞಾನೇಶ್ವರ. ಅಪ್ಪ ಸವತಿಯ ಮಕ್ಕಳಿಗೂ ಅಪ್ಪನೇ, ಅಮ್ಮ ಹಾಗಲ್ಲ. ಹಾಗಾಗಿ ಅವಳೇ ಹೆಚ್ಚು ಹತ್ತಿರ ಅನ್ನೋದು ಅವನ ವಾದ. ಸಪಿಂಡರು ಅಂದ್ರೆ ಒಂದೇ ದೇಹದ ಅಂಶ ಹಂಚಿಕೊಂಡವರು ಅಂತ ವಿವರಿಸಿದವನೂ ಅವನೇ. ಬಂಗಾಳದ ಜೀಮೂತವಾಹನ ಅಪ್ಪನನ್ನೇ ಮುಂದೆ ನಿಲ್ಲಿಸಿದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತೆಗೆದು ನೋಡಿ: ಗಂಡುಮಗ ಉಯಿಲು ಬರೆಯದೆ ಸತ್ತರೆ ತಾಯಿ ಮೊದಲ ವರ್ಗದ ವಾರಸುದಾರಳು, ತಂದೆ ಎರಡನೇ ವರ್ಗ!

ಆದರೆ ಈ ಲೆಕ್ಕದಲ್ಲಿ ಹಾಲಿಗೆ ಜಾಗ ಇಲ್ಲ. ಮೊಲೆಯುಣಿಸಿದ ಮಾತ್ರಕ್ಕೆ ಯಾರೂ ಸಪಿಂಡರಾಗಲ್ಲ. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ರಾಜ್ಯ ಕಟ್ಟಿದರಲ್ಲ, ಅವರ ಇಸ್ಲಾಮಿ ಕಾನೂನು ಇಲ್ಲಿ ಬೇರೆ ದಾರಿ ಹಿಡಿಯುತ್ತೆ. ಹನಫೀ ಪಂಥದ ಪ್ರಕಾರ ಎಳೆಗೂಸು ಒಂದು ಗುಟುಕು ಕುಡಿದರೂ ಸಾಕು, ಉಣಿಸಿದವಳು ತಾಯಿ. ಅವಳ ಮಕ್ಕಳು ಒಡಹುಟ್ಟಿದವರು, ಮದುವೆ ನಿಷಿದ್ಧ. ಆಸ್ತಿಯಲ್ಲಿ ಮಾತ್ರ ಪಾಲಿಲ್ಲ.

ಕಮಲಾಪುರದ ನಮ್ಮಜ್ಜಿ ಈ ಎರಡೂ ಓದಿದವಳಲ್ಲ. ಎಮ್ಮೆ ಈದರೆ ಗಿಣ್ಣ ಕಾಸಿ ಓಣಿಗೆಲ್ಲ ಹಂಚೋಳು. ಸೊಸೆ ಹಡೆದಾಗ ಮಾತ್ರ, “ಅದು ಕೆಟ್ಟ ಹಾಲದ, ಹಿಂಡಿ ಚೆಲ್ರಿ” ಅನ್ನೋಳು. ಎಮ್ಮೆಕರುವಿಗೆ ಇದ್ದ ಅದೃಷ್ಟ ಮನೆಯ ಕೂಸಿಗಿರಲಿಲ್ಲ! ಹಳದಿಯ ಆ ಮೊದಲ ಹಾಲಲ್ಲೇ ರೋಗ ತಡೆಯುವ ಅಂಶ ತುಂಬಿರೋದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕೂಸು ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಏಳುತ್ತೆ. ಹಾಲು ಇಳಿಸುವುದೂ ಅದೇ, ಗರ್ಭಕೋಶ ಕುಗ್ಗಿಸುವುದೂ ಅದೇ.

ನಮ್ಮ ಚಿಕ್ಕಪ್ಪ ಹುಟ್ಟಿದ ಮೊದಲ ಮೂರು ದಿನ ಕುಡಿದದ್ದು ಪಕ್ಕದ ಮನೆಯ ಮುಸ್ಲಿಂ ಬಾಣಂತಿಯ ಹಾಲು. ರಂಜಾನಿಗೆ ಅವರ ಮನೆಯ ಸುರಕುಂಬಾ ಇವತ್ತಿಗೂ ಮೊದಲು ಬರೋದು ಅವನಿಗೇ.

ಇತ್ತೀಚಿನ ಕಾನೂನಿಗೆ ಬರೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಕೂಸಿಗೆ 15 ತಿಂಗಳಾಗೋವರೆಗೆ ದಿನಕ್ಕೆ ಎರಡು ಬಿಡುವು ಕೊಟ್ಟಿತ್ತು. 2017ರ ತಿದ್ದುಪಡಿ ಸಂಬಳ ಸಹಿತ 26 ವಾರ ರಜೆ ಕೊಟ್ಟದ್ದು ಎಲ್ಲರಿಗೂ ಗೊತ್ತು, ಈ ಬಿಡುವು ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನಲ್ಲಿ ನನ್ನ ಗೆಳತಿ ಕೇಳಿದಾಗ ಎಚ್‌ಆರ್‌ನವರು, “ಟೀ ಬ್ರೇಕ್ ಇದೆಯಲ್ಲ” ಅಂದರಂತೆ. ಕಾಯ್ದೆಯ 11ನೇ ಕಲಮಿನಲ್ಲಿ, ವಿಶ್ರಾಂತಿಯ ಬಿಡುವಿನ ಜೊತೆಗೆ ಇದು ಬೇರೆ ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದ್ದೇನೆ.